ಮೆಂಬರ್ ಜಿಗಿದ್ರೆ ಮೆಂಬರ್‌ಶಿಪ್ ಹೋಗುತ್ತಾ? ವಿಪ್ ಕಾಗದ ಮತ್ತೆ ಮೂವತ್ತು ತಿಂಗಳ ಲೆಕ್ಕ

ನಗರಸಭೆ ಅಧ್ಯಕ್ಷರ ಚುನಾವಣೆಗೆ ಡೇಟ್ ಫಿಕ್ಸ್ ಆಯ್ತು ಅಂದ್ರೆ ನಮ್ಮಂಥ ವಕೀಲರಿಗೆ ಬರೋ ಫೋನ್‌ಗಳಲ್ಲಿ ಎರಡೇ ಪ್ರಶ್ನೆ. ಪಕ್ಷದವರಾದ್ರೆ "ಸಾರ್, ನಮ್ಮೋನೊಬ್ಬ ಆ ಕಡೆ ವಾಲ್ತಾವ್ನೆ, ಕಟ್ಟಿಹಾಕೋದು ಹೆಂಗೆ" ಅಂತಾರೆ, ಮೆಂಬರ್ರಾದ್ರೆ "ಸಾರ್, ಆ ಕಡೆ ಕೈ ಎತ್ತಿದ್ರೆ ನನ್ ಮೆಂಬರ್‌ಶಿಪ್ ಹೋಗುತ್ತಾ" ಅಂತಾರೆ. ಓಟು ಹಾಕಿ ಗೆಲ್ಲಿಸಿದ ವಾರ್ಡಿನ ಜನ ಮಾತ್ರ ಯಾರೂ ಫೋನ್ ಮಾಡಲ್ಲ, ಅವ್ರಿಗೆ ವಿಷಯ ಗೊತ್ತಾಗೋದೇ ಮಾರನೇ ದಿನ ಪೇಪರಲ್ಲಿ ಹಾರ ಹಾಕ್ಕೊಂಡಿರೋ ಫೋಟೋ ನೋಡಿದ್ಮೇಲೆ. ಇದನ್ನ ಅವ್ರಿಗೋಸ್ಕರನೇ ಬರೀತಿದೀನಿ.

ಮೊದಲು ಒಂದು ತಪ್ಪು ತಿಳುವಳಿಕೆ ಸರಿ ಮಾಡ್ಬೇಕು. ಟಿವಿಯಲ್ಲಿ ಕೇಳ್ತೀವಲ್ಲ ಸಂವಿಧಾನದ ಹತ್ತನೇ ಅನುಸೂಚಿ ಅಂತ, ಪಕ್ಷಾಂತರ ಮಾಡಿದ್ರೆ ಸದಸ್ಯತ್ವ ಕಳೆಯೋ ಕಾನೂನು, 1985ರಲ್ಲಿ 52ನೇ ತಿದ್ದುಪಡಿಯಲ್ಲಿ ಬಂದಿದ್ದು, ಅದು ಎಂಪಿ, ಎಂಎಲ್‌ಎ, ಎಂಎಲ್‌ಸಿಗಳಿಗೆ ಮಾತ್ರ. 2019ರಲ್ಲಿ 17 ಜನ ಶಾಸಕರನ್ನ ಸ್ಪೀಕರ್ ಅನರ್ಹ ಮಾಡಿದ್ದು ಅದರ ಕೆಳಗೆ. ಆಗ ಅನರ್ಹ ಆದವ್ರಲ್ಲಿ ನಮ್ಮ ಚಿಕ್ಕಬಳ್ಳಾಪುರದ ಸುಧಾಕರ್ ಇದ್ರು, ಆದೇಶ ಕೊಟ್ಟ ಸ್ಪೀಕರ್ ರಮೇಶ್ ಕುಮಾರ್ ಪಕ್ಕದ ಶ್ರೀನಿವಾಸಪುರದವ್ರು, ಅದಕ್ಕೇ ಈ ಭಾಗದ ಜನಕ್ಕೆ ಆ ಕೇಸು ಬಾಯಿಪಾಠ. ಆದ್ರೆ ನಗರಸಭೆ, ಪುರಸಭೆ ಮೆಂಬರ್ರಿಗೆ ಬೇರೆ ಕಾನೂನಿದೆ, ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಅಧಿನಿಯಮ, 1987ರದ್ದು. ಇಲ್ಲಿ ಸ್ಪೀಕರ್ ಇರಲ್ಲ, ನಗರಸಭೆ ಪುರಸಭೆ ಕೇಸು ಡಿಸಿ ಮುಂದೆ ನಡೆಯುತ್ತೆ. ಗ್ರಾಮ ಪಂಚಾಯ್ತಿಗೆ ಇದ್ಯಾವುದೂ ಇಲ್ಲ, ಯಾಕಂದ್ರೆ ಅಲ್ಲಿ ಪಕ್ಷದ ಚಿಹ್ನೆ ಮೇಲೆ ಚುನಾವಣೆನೇ ನಡೆಯಲ್ಲ.

ಈ ಕಾನೂನಲ್ಲಿ ಸದಸ್ಯತ್ವ ಹೋಗೋಕೆ ಮುಖ್ಯವಾಗಿ ಎರಡು ದಾರಿ. ಒಂದು, ತಾನಾಗೇ ಪಕ್ಷ ಬಿಡೋದು. ಇದಕ್ಕೆ ರಾಜೀನಾಮೆ ಪತ್ರನೇ ಬೇಕು ಅಂತಿಲ್ಲ, ನಡವಳಿಕೆ ನೋಡಿ ತೀರ್ಮಾನ ಮಾಡ್ಬಹುದು ಅಂತ ಸುಪ್ರೀಂ ಕೋರ್ಟ್ 1994ರಲ್ಲೇ ರವಿ ನಾಯಕ್ ಕೇಸಲ್ಲಿ ಹೇಳಿದೆ. ಅದು ಹತ್ತನೇ ಅನುಸೂಚಿ ಕೇಸೇ ಆದ್ರೂ ಡಿಸಿ ಮುಂದೆ ನಾವೂ ಅದನ್ನೇ ಎತ್ತಿ ಹಿಡೀತೀವಿ. ಇನ್ನೊಂದು, ಪಕ್ಷ ಕೊಟ್ಟ ವಿಪ್‌ಗೆ, ಅಂದ್ರೆ ಇಂಥೋರಿಗೇ ಓಟು ಹಾಕ್ಬೇಕು ಅನ್ನೋ ಪಕ್ಷದ ಆದೇಶಕ್ಕೆ, ವಿರುದ್ಧವಾಗಿ ಓಟು ಹಾಕೋದು, ತಟಸ್ಥ ಇರೋದು, ಇಲ್ಲಾ ಬೇಕಂತಲೇ ಸಭೆಗೆ ಗೈರಾಗೋದು. ಈ ಗೈರು ಅನ್ನೋದನ್ನ ತುಂಬಾ ಜನ ಹಗುರವಾಗಿ ತಗೋತಾರೆ, "ನಾನು ಯಾರಿಗೂ ಓಟೇ ಹಾಕಿಲ್ವಲ್ಲ ಸಾರ್, ಹುಷಾರಿಲ್ಲ ಅಂತ ಆಸ್ಪತ್ರೆಲಿದ್ದೆ" ಅಂತ. ಆ ಆಸ್ಪತ್ರೆ ಚೀಟಿ ನಿಜಾನಾ ಅಂತ ಎದುರು ಪಾರ್ಟಿ ವಕೀಲರು ಕೇಳೇ ಕೇಳ್ತಾರೆ.

ಅಧ್ಯಕ್ಷರ ಚುನಾವಣೆ ಕೈ ಎತ್ತೋ ಚುನಾವಣೆ, ಗುಟ್ಟಿನ ಓಟಲ್ಲ. ಯಾರು ಯಾರಿಗೆ ಕೈ ಎತ್ತಿದ್ರು ಅಂತ ಚುನಾವಣಾಧಿಕಾರಿ ಬರ್ಕೋತಾರೆ, ನಡವಳಿಯಲ್ಲಿ ಬರುತ್ತೆ. ಹಂಗಾಗಿ ಓಟು ಹಾಕಿದ್ದನ್ನ ಪ್ರೂವ್ ಮಾಡೋದು ಕಷ್ಟನೇ ಅಲ್ಲ. ಕೇಸು ಬಿದ್ದು ಹೋಗೋದು ಅದಕ್ಕಿಂತ ಮುಂಚಿನ ಒಂದು ಜಾಗದಲ್ಲಿ, ವಿಪ್ ಆ ಮನುಷ್ಯನ ಕೈಗೆ ಸೇರಿತ್ತಾ ಇಲ್ವಾ ಅನ್ನೋದ್ರಲ್ಲಿ.

ವಿಪ್ ಕೊಡೋದು ಹೆಂಗಿರುತ್ತೆ ಅಂತ ಸ್ವಲ್ಪ ಹತ್ತಿರದಿಂದ ಹೇಳ್ತೀನಿ. ಚುನಾವಣೆ ನಾಳೆ ಅಂದ್ರೆ ಇವತ್ತು ಸಂಜೆ ಪಕ್ಷದ ಕಡೆಯಿಂದ ನಾಲ್ಕೈದು ಜನ ಆ ಮೆಂಬರ್ ಮನೆಗೆ ಹೋಗ್ತಾರೆ, ಒಬ್ಬರ ಕೈಲಿ ಲೆಟರ್‌ಹೆಡ್ಡಲ್ಲಿ ಟೈಪ್ ಮಾಡಿದ ಹಾಳೆ, ಇನ್ನೊಬ್ಬರ ಕೈಲಿ ಮೊಬೈಲ್ ಕ್ಯಾಮೆರಾ ಆನ್ ಆಗಿರುತ್ತೆ. ಮೆಂಬರ್ ಮನೇಲಿರಲ್ಲ, ಫೋನ್ ಸ್ವಿಚಾಫ್, ಎಲ್ಲೋ ರೆಸಾರ್ಟಲ್ಲಿ ಇರ್ತಾರೆ. ಹೆಂಡ್ತಿನೋ ತಾಯಿನೋ ಬಾಗಿಲ ಸಂದಿಯಿಂದ "ಅವ್ರು ಊರಲ್ಲಿಲ್ಲ ಕಣಣ್ಣ, ಯಾವಾಗ ಬರ್ತಾರೋ ಗೊತ್ತಿಲ್ಲ, ನಾನು ಸೈನ್ ಹಾಕಲ್ಲ" ಅಂದು ಬಾಗಿಲು ಹಾಕ್ಕೋತಾರೆ. ಆಗ ಬಾಗಿಲಿಗೆ ಗೋಂದು ಬಳಿದು ಹಾಳೆ ಅಂಟಿಸ್ತಾರೆ, ಫೋಟೋ ತೆಗೀತಾರೆ, ಅಕ್ಕಪಕ್ಕದವರ ಹತ್ರ ಸಾಕ್ಷಿ ಸೈನ್ ಕೇಳಿದ್ರೆ ಯಾರೂ ಹಾಕಲ್ಲ, ಯಾಕಂದ್ರೆ ನಾಳೆ ನಲ್ಲಿ ನೀರು ಬಂದಿಲ್ಲ ಅಂದ್ರೆ ಅದೇ ಮೆಂಬರ್ ಹತ್ರನೇ ಹೋಗ್ಬೇಕಲ್ಲ. ಕೊನೆಗೆ ಪಕ್ಷದ ಕಾರ್ಯಕರ್ತರೇ ಸಾಕ್ಷಿ ಆಗ್ತಾರೆ, ವಾಟ್ಸಾಪಲ್ಲೂ ಒಂದು ಕಾಪಿ ಹಾಕಿ ಕೆಲಸ ಮುಗೀತು ಅಂತ ಮನೆಗೆ ಹೋಗ್ತಾರೆ.

ಆಮೇಲೆ ಡಿಸಿ ಕೋರ್ಟಲ್ಲಿ ಈ ಹಾಳೆನೇ ಬಿಚ್ಚಿಕೊಳ್ಳುತ್ತೆ. ಇದಕ್ಕೆ ಸೈನ್ ಹಾಕಿದ ಜಿಲ್ಲಾಧ್ಯಕ್ಷರಿಗೆ ವಿಪ್ ಕೊಡೋ ಅಧಿಕಾರ ಪಕ್ಷ ಬರವಣಿಗೇಲಿ ಕೊಟ್ಟಿತ್ತಾ, ಆ ಅಧಿಕಾರ ಪತ್ರದ ತಾರೀಕು ವಿಪ್‌ಗಿಂತ ಮುಂಚಿನದಾ ಆಮೇಲಿನದಾ, ಅಂಟಿಸಿದ ಮನೆ ಅವರ ಮನೆನಾ ಇಲ್ಲಾ ಅಣ್ಣನ ಮನೆನಾ, ವಾಟ್ಸಾಪಲ್ಲಿ ಎರಡು ಗೀಟು ನೀಲಿ ಆಗಿತ್ತಾ, ವಿಡಿಯೋ ಪೆನ್‌ಡ್ರೈವಲ್ಲಿ ಕೊಟ್ಟಿದೀರಲ್ಲ ಅದಕ್ಕೆ ಸರ್ಟಿಫಿಕೇಟ್ ಎಲ್ಲಿ. ವಿಡಿಯೋದಂಥ ಎಲೆಕ್ಟ್ರಾನಿಕ್ ದಾಖಲೆ ಜೊತೆ ಕೊಡ್ಬೇಕಾದ ಈ ಸರ್ಟಿಫಿಕೇಟ್ ಮೊದಲು ಸಾಕ್ಷ್ಯ ಕಾಯ್ದೆ 65ಬಿ ಕೆಳಗೆ ಬೇಕಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೆಳಗೆ ಬೇಕು. ಇದಿಲ್ಲದೆ ಎಷ್ಟೇ ಸ್ಪಷ್ಟ ವಿಡಿಯೋ ಇದ್ರೂ ಎದುರು ವಕೀಲರು ತಕರಾರು ತೆಗೀತಾರೆ. ವಿಪ್ ಯಾರು ಕೊಡ್ಬೇಕು ಅನ್ನೋದೂ ಸಣ್ಣ ವಿಷಯ ಅಲ್ಲ, ಮಹಾರಾಷ್ಟ್ರದ ಶಿವಸೇನೆ ಕೇಸಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್, ವಿಪ್ ಕೊಡೋ ಸಚೇತಕರನ್ನ ನೇಮಿಸೋದು ಸದನದ ಒಳಗಿನ ಗುಂಪಲ್ಲ, ಹೊರಗಿರೋ ರಾಜಕೀಯ ಪಕ್ಷ ಅಂತ ಸ್ಪಷ್ಟ ಮಾಡಿತು. ನಗರಸಭೆಯಲ್ಲೂ ಮೆಂಬರ್ರೇ ಸೇರ್ಕೊಂಡು "ನಮ್ ಲೀಡರ್ ಇವ್ರು" ಅಂದ್ರೆ ಸಾಲಲ್ಲ, ಪಕ್ಷದ ಅಧಿಕಾರ ಪತ್ರ ಇರ್ಬೇಕು. ಬಿ ಫಾರಂ ಹಂಚೋವಾಗ ಇರೋ ಶ್ರದ್ಧೆಯಲ್ಲಿ ಅರ್ಧ ಈ ಪತ್ರದ ಮೇಲೆ ಇದ್ದಿದ್ರೆ ಎಷ್ಟೋ ಕೇಸು ನಿಲ್ತಿತ್ತು ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ಜಾಗ ಇದೆ, ಹೊರಗಿನವರಿಗೆ ಕಾಣೋದೇ ಇಲ್ಲ. ವಿಪ್ ಉಲ್ಲಂಘನೆ ಆದ 15 ದಿನದೊಳಗೆ ಪಕ್ಷ ಅದನ್ನ ಮನ್ನಿಸಿಬಿಡಬಹುದು, ಆಗ ಅನರ್ಹತೆ ಇಲ್ಲ. ಕಾನೂನು ಇದನ್ನ ಇಟ್ಟಿರೋದು ಒಳ್ಳೆ ಉದ್ದೇಶಕ್ಕೇ, ನಿಜವಾದ ಕಾರಣ ಇದ್ದು ಬರಕ್ಕಾಗದೆ ಇರೋರಿಗೆ. ಆದ್ರೆ ಈ ಹದಿನೈದು ದಿನದಲ್ಲೇ ಸಂಧಾನ ಎಲ್ಲಾ ನಡೆಯೋದು. "ಇವನನ್ನ ಅನರ್ಹ ಮಾಡಿದ್ರೆ ಆ ವಾರ್ಡಲ್ಲಿ ಆ ಸಮುದಾಯದ ಓಟು ಹೋಗುತ್ತೆ, ಎಂಪಿ ಚುನಾವಣೆಗೆ ವಾಪಸ್ ಕರ್ಕೊಳ್ಳೋಣ" ಅಂತ ಪಕ್ಷನೇ ಸುಮ್ಮನಾಗುತ್ತೆ. ಪಕ್ಷದಿಂದ ದೂರು ಬಂದಿಲ್ಲ, ದಾಖಲೆ ಕೊಡೋರಿಲ್ಲ ಅಂದ್ರೆ ಡಿಸಿ ಮುಂದೆ ಕೇಸು ನಿಲ್ಲೋದಾದ್ರೂ ಹೆಂಗೆ? ಮೋಸ ಆಗಿರೋದು ವಾರ್ಡಿಗೆ, ಮನ್ನಿಸೋ ಅಧಿಕಾರ ಇರೋದು ಪಕ್ಷಕ್ಕೆ. ಈ ಕಾನೂನಲ್ಲಿ ನನಗೆ ಒಪ್ಪಿಗೆ ಆಗದೇ ಇರೋ ಜಾಗ ಇದೇ.

ಇನ್ನು ಲೆಕ್ಕಕ್ಕೆ ಬರೋಣ. ಚಿಕ್ಕಬಳ್ಳಾಪುರ ನಗರಸಭೆಯಲ್ಲಿ 31 ವಾರ್ಡು. 2020ರ ಫೆಬ್ರವರಿ ಚುನಾವಣೆಯಲ್ಲಿ ಕಾಂಗ್ರೆಸ್ 16 ಗೆದ್ದಿತ್ತು, 31ಕ್ಕೆ 16 ಅಂದ್ರೆ ಬಹುಮತ ಅಂತ ಎಲ್ರೂ ಅಂದ್ಕೊಂಡ್ರು, ಆದ್ರೆ ಅಧ್ಯಕ್ಷ ಸ್ಥಾನ ಬಿಜೆಪಿಗೆ ಹೋಯ್ತು. ಇಲ್ಲಿ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದ್ರೆ ಪೌರಸಭೆಗಳ ಕಾಯ್ದೆ 1964ರ ಪ್ರಕಾರ ಆ ಊರಿನ ಎಂಎಲ್‌ಎ, ಎಂಪಿಗೂ ಓಟಿದೆ, ಆ ಊರಲ್ಲಿ ಮತದಾರರಾಗಿರೋ ಎಂಎಲ್‌ಸಿಗೂ ಇದೆ. ಸರ್ಕಾರ ನಾಮಿನೇಟ್ ಮಾಡೋರಿಗೆ ಮಾತ್ರ ಓಟಿಲ್ಲ. ಎಂಎಲ್‌ಎ ಎಂಪಿ ಸೇರಿದ್ರೆನೇ 33 ಆಗುತ್ತೆ, ಆಗ 17 ಬೇಕು, 16 ಇಟ್ಕೊಂಡಿರೋ ಪಕ್ಷ ಇನ್ನೊಬ್ಬರನ್ನ ಹುಡುಕ್ಬೇಕು. ಆಗ ಎಂಎಲ್‌ಎ ಸುಧಾಕರ್, ಎಂಪಿ ಬಚ್ಚೇಗೌಡ್ರು ಇಬ್ಬರೂ ಬಿಜೆಪಿಯವ್ರು. ಇಂಥ ಕಡೆ ಒಬ್ಬ ಮೆಂಬರ್ ಜಿಗಿದ್ರೂ, ಜಿಗೀದೆ ಸುಮ್ನೆ ಮನೇಲಿ ಕೂತ್ರೂ, ಊರಿನ ಆಡಳಿತನೇ ಬದಲಾಗುತ್ತೆ. ಪಕ್ಷೇತರರಿಗಂತೂ ವಿಪ್ ಕೊಡೋರೇ ಇಲ್ಲ, ಅದಕ್ಕೆ ಅವರ ಓಟಿಗೆ ಆ ವಾರ ಅಷ್ಟು ಬೆಲೆ.

ತುಮಕೂರಲ್ಲಿ ಇನ್ನೊಂದು ಥರ. 2018ರಲ್ಲಿ ಪಾಲಿಕೆಯ 35 ವಾರ್ಡಲ್ಲಿ ಬಿಜೆಪಿ 12, ಕಾಂಗ್ರೆಸ್ 10, ಜೆಡಿಎಸ್ 10, ಪಕ್ಷೇತರರು 3, ಯಾರಿಗೂ ಬಹುಮತ ಇಲ್ಲ. ಮೇಯರ್ ಅವಧಿ ಬೇರೆ ಒಂದೇ ವರ್ಷ, ಪ್ರತಿ ವರ್ಷ ಮೀಸಲಾತಿ ಬದಲಾಗುತ್ತೆ. ಮೀಸಲಾತಿ ಯಾವ ವರ್ಗಕ್ಕೆ ಬಂತೋ ಆ ವರ್ಗದ ಮೆಂಬರ್ ನಿಮ್ಮ ಪಕ್ಷದಲ್ಲಿ ಇಲ್ಲ ಅಂದ್ರೆ ನಿಮ್ಮ ಹತ್ರ ಸಂಖ್ಯೆ ಎಷ್ಟಿದ್ರೂ ಕ್ಯಾಂಡಿಡೇಟೇ ಇಲ್ಲ. ಆ ವರ್ಗದ ಒಬ್ಬರೇ ಒಬ್ಬರು ಇನ್ನೊಂದು ಪಕ್ಷದಲ್ಲಿದ್ರೆ ಎಲ್ಲರ ಕಣ್ಣು ಅವರ ಮೇಲೇನೇ. ಪಕ್ಷಾಂತರ ಅಂದ ತಕ್ಷಣ ದುಡ್ಡು ಅಂತ ಮಾತಾಡ್ತೀವಿ, ಮೀಸಲಾತಿ ಪಟ್ಟಿ ಬರೋ ಟೈಮು ಮಾಡೋ ಕೆಲಸವನ್ನ ಯಾರೂ ಗಮನಿಸಲ್ಲ.

ಮೆಂಬರ್ರನ್ನ ಪೂರ್ತಿ ಬೈಯೋಕೂ ನನಗೆ ಮನಸ್ಸು ಬರಲ್ಲ. ನಗರಸಭೆಗೆ ಸ್ವಂತ ತೆರಿಗೆಯಿಂದ ಬರೋದು ಸಂಬಳ, ಕರೆಂಟ್ ಬಿಲ್ಲು, ಕಸಕ್ಕೇ ಸಾಲಲ್ಲ, ರಸ್ತೆ, ಒಳಚರಂಡಿ, ಕುಡಿಯೋ ನೀರು ಅಂದ್ರೆ ಸರ್ಕಾರದ ಅನುದಾನನೇ ಬರ್ಬೇಕು. ಊರಿಗೆ ನೀರು ಕೊಡೋ ಜಕ್ಕಲಮಡುಗು ಜಲಾಶಯದ ನೀರು ಬರದ ದಿನ ವಾರ್ಡಿನ ಹೆಂಗಸರು ಬಿಂದಿಗೆ ಇಟ್ಕೊಂಡು ನಿಲ್ಲೋದು ಮೆಂಬರ್ ಮನೆ ಮುಂದೆ. ಬೋರ್‌ವೆಲ್ ಕೊರೆಸ್ಬೇಕು ಅಂದ್ರೆ ಅದು ಕ್ರಿಯಾ ಯೋಜನೆಯಲ್ಲಿ ಬರ್ಬೇಕು, ಎಂಎಲ್‌ಎ ಮಾತು ಅಲ್ಲಿ ನಡೆಯುತ್ತೆ. ಬೆಂಗಳೂರಲ್ಲಿ ಸರ್ಕಾರ ಬದಲಾದ್ರೆ ಇಲ್ಲಿ ಮೆಂಬರ್ರ ನಿಷ್ಠೆ ಅಲ್ಲಾಡೋದು ಈ ಕಾರಣಕ್ಕೆ. ಆದ್ರೆ ವಾರ್ಡಿನ ಕೆಲಸಕ್ಕೆ ಹೋದೆ ಅನ್ನೋರು ರಾಜೀನಾಮೆ ಕೊಟ್ಟು ಮತ್ತೆ ನಿಂತು ಗೆದ್ದು ಹೋಗ್ಲಿ, ಆ ದಾರಿ ಯಾರೂ ಮುಚ್ಚಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಟೈಮು. ನಗರಸಭೆ ಅಧ್ಯಕ್ಷರ ಅವಧಿ 30 ತಿಂಗಳು. ದೂರು, ನೋಟೀಸು, ಆಕ್ಷೇಪಣೆ, ಸಾಕ್ಷಿ, ಪಾಟಿ ಸವಾಲು, ನಡುವೆ ಡಿಸಿ ವರ್ಗಾವಣೆ ಆದ್ರೆ ಹೊಸಬರ ಮುಂದೆ ಮತ್ತೆ ವಾದ, ಅಲ್ಲಿಂದ ಆದೇಶ ಬಂದ್ರೆ ಹೈಕೋರ್ಟಲ್ಲಿ ರಿಟ್, ತಡೆಯಾಜ್ಞೆ. ತಡೆಯಾಜ್ಞೆ ಇರೋ ತನಕ ಆ ಮೆಂಬರ್ ಸಭೆಗೆ ಬರ್ತಾರೆ, ಕೈ ಎತ್ತುತ್ತಾರೆ. ಆಯ್ಕೆಯಾದ ಅಧ್ಯಕ್ಷರನ್ನ ಅವಿಶ್ವಾಸದಿಂದ ಇಳಿಸ್ಬೇಕು ಅಂದ್ರೆ ಮೂರನೇ ಎರಡು ಭಾಗ ಬೇಕು, ಅಂದ್ರೆ ಒಂದು ಓಟಲ್ಲಿ ಕಳ್ಕೊಂಡಿದ್ದನ್ನ ವಾಪಸ್ ತಗೊಳ್ಳೋಕೆ ಒಂದು ಓಟು ಸಾಲಲ್ಲ. ಹಾಗಾಗಿ ಕೇಸು ಗೆದ್ರೂ ಅಧಿಕಾರ ಸಿಗಲ್ಲ ಅಂತ ಪಕ್ಷದವರಿಗೆ ಗೊತ್ತಿರುತ್ತೆ, ಅರ್ಧದಲ್ಲೇ ಕೈ ಬಿಡ್ತಾರೆ. ಶಾಸಕರ ಅನರ್ಹತೆ ಅರ್ಜಿಯನ್ನ ಸ್ಪೀಕರ್ ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಮುಗಿಸ್ಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಮಣಿಪುರದ ಕೇಸಲ್ಲಿ ಹೇಳಿದೆ. 30 ತಿಂಗಳ ಅಧಿಕಾರದ ನಗರಸಭೆಯಲ್ಲಿ ಅಷ್ಟೇ ಬಿಗಿ ಇರ್ಲೇಬೇಕು, ಅದನ್ನ ನಾವು ವಕೀಲರೂ ಮೊದಲ ವಾಯಿದೆಯಿಂದಲೇ ಕೇಳ್ಬೇಕು, ಮುಂದೂಡಿಕೆ ತಗೊಳ್ಳೋದು ಬಿಟ್ಟು.

ವಾರ್ಡಿನ ಜನ ಏನ್ ಮಾಡ್ಬಹುದು ಅಂದ್ರೆ, ಅಧ್ಯಕ್ಷರ ಚುನಾವಣೆ ಮುಗಿದ ವಾರದಲ್ಲೇ ನಗರಸಭೆಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಒಂದು ಆರ್‌ಟಿಐ ಅರ್ಜಿ ಹಾಕಿ. ಚುನಾವಣಾ ಸಭೆಯ ನಡವಳಿ, ಯಾರು ಯಾರಿಗೆ ಕೈ ಎತ್ತಿದ್ರು ಅನ್ನೋ ಪಟ್ಟಿ, ಹಾಜರಿ ಪುಸ್ತಕದ ಪುಟ, ಪಕ್ಷಗಳು ಕಚೇರಿಗೆ ಕೊಟ್ಟಿರೋ ವಿಪ್ ಕಾಪಿ ಮತ್ತೆ ಅನರ್ಹತೆ ದೂರು ಬಂದಿದ್ರೆ ಅದು, ಇಷ್ಟನ್ನೂ ಬಿಡಿಬಿಡಿಯಾಗಿ ಕೇಳಿ, ಮೂವತ್ತು ದಿನದಲ್ಲಿ ಉತ್ತರ ಕೊಡ್ಬೇಕು. ಉತ್ತರ ಬಂದ್ಮೇಲೆ ಅದನ್ನ ಹಿಡ್ಕೊಂಡು ಪಕ್ಷದ ಜಿಲ್ಲಾಧ್ಯಕ್ಷರ ಹತ್ರ ಹೋಗಿ ಕೇಳಿ, ಹದಿನೈದು ದಿನದಲ್ಲಿ ನೀವು ಮನ್ನಿಸಿದ್ರಾ ಇಲ್ವಾ, ಮನ್ನಿಸಿಲ್ಲ ಅಂದ್ರೆ ದೂರು ಯಾಕೆ ಕೊಟ್ಟಿಲ್ಲ ಅಂತ. ಬಾಯಲ್ಲಿ ಕೇಳ್ಬೇಡಿ, ಬರ್ದು ಕೊಟ್ಟು ಇನ್ನೊಂದು ಕಾಪಿ ಮೇಲೆ ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ.