70 ದಾಟಿದ ಮೇಲೆ ಕಾರು ಓಡಿಸಬಹುದಾ?

‘ಅಪ್ಪನಿಗೆ 72. ಕಾರು ಓಡಿಸೋಕೆ ಕಾನೂನಲ್ಲಿ ಎಷ್ಟು ವಯಸ್ಸಿನವರೆಗೆ ಅವಕಾಶ ಇದೆ?’

ಮತ್ತೆ ಅದೇ ಪ್ರಶ್ನೆ! ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಮನೆಯವರಿಗೂ ತಿಳಿಸಿ. ಸ್ವಂತ ಕಾರು ಓಡಿಸಲು ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಗರಿಷ್ಠ ವಯಸ್ಸು ಅಂತ ಇಲ್ಲ. 60 ಅಲ್ಲ, 75 ಅಲ್ಲ, 80ಕ್ಕೂ ಇಲ್ಲ. 55 ದಾಟಿದವರ ಲೈಸೆನ್ಸ್ 5 ವರ್ಷಕ್ಕೊಮ್ಮೆ ರಿನ್ಯೂ ಆಗಬೇಕು, ಅದಕ್ಕೆ ಫಾರಂ 1ಎಯಲ್ಲಿ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಅಷ್ಟೇ.

‘ಹಾಗಾದರೆ ರಿನ್ಯೂ ಆಯ್ತಲ್ಲ, ಇನ್ನು 5 ವರ್ಷ ಚಿಂತೆ ಇಲ್ಲ’ ಅನ್ನುತ್ತೀರಿ. ವಯಸ್ಸಿನ ಮಿತಿ ಕೇಳುವುದರ ಹಿಂದಿರುವ ತಪ್ಪು ನಂಬಿಕೆಯೇ ಇಲ್ಲೂ ಇದೆ. ಆರ್‌ಟಿಒ ತೀರ್ಮಾನ ಮಾಡುತ್ತದೆ, ನಾವು ಯೋಚಿಸಬೇಕಾಗಿಲ್ಲ ಅನ್ನುವುದು. ಸರ್ಟಿಫಿಕೇಟ್ ಹೇಳುವುದು ಆ ಒಂದು ದಿನದ ಮಾತು. ಮುಂದಿನ ವರ್ಷವೇ ಕಣ್ಣಿಗೆ ಪೊರೆ ಬರಬಹುದು, ನಿದ್ದೆ ಮಾತ್ರೆ ಶುರುವಾಗಬಹುದು. ಬೆಳಕಿರುವ ಕೋಣೆಯಲ್ಲಿ ಅಕ್ಷರ ಓದುವುದು ಬೇರೆ. ಮಳೆ ರಾತ್ರಿ, ಎದುರಿನ ಲಾರಿ ಹೈಬೀಮ್ ಹಾಕಿಕೊಂಡು ಬಂದಾಗ ರಸ್ತೆಯ ಅಂಚು ಕಾಣುವುದು ಬೇರೆ.

ನಮ್ಮಪ್ಪನ ವಿಷಯದಲ್ಲಿ ಸುಳಿವು ಕೊಟ್ಟಿದ್ದು ಗೇಟಿನ ಕಂಬ. ಮೊಣಕಾಲೆತ್ತರಕ್ಕೆ ಕಾರಿನ ಬಿಳಿ ಬಣ್ಣ ಹತ್ತಿತ್ತು. ಒಂದಲ್ಲ, ಮೂರು ಗೆರೆ. ರಿವರ್ಸ್ ತೆಗೆಯುವಾಗ ಕತ್ತು ಪೂರ್ತಿ ತಿರುಗುತ್ತಿರಲಿಲ್ಲ. ನಾನು ಕೀ ಕಿತ್ತುಕೊಳ್ಳಲಿಲ್ಲ, ಪಕ್ಕದಲ್ಲಿ ಕೂತು ನಾಲ್ಕು ದಿನ ಜೊತೆಗೆ ಹೋದೆ. ಅವರೇ ಹೇಳಿದರು: ‘ಕತ್ತಲಾದ ಮೇಲೆ ಬೇಡ. ರಿಂಗ್ ರೋಡೂ ಬೇಡ.’ ಈಗ ಬೆಳಿಗ್ಗೆ ಒಂಬತ್ತರೊಳಗೆ ದೇವರಾಜ ಮಾರ್ಕೆಟ್‌ಗೆ ಹೋಗಿ ಬಂದುಬಿಡುತ್ತಾರೆ. ಸಿಗ್ನಲ್ ಇಲ್ಲದ ಕಡೆ ಬಲಕ್ಕೆ ತಿರುಗುವುದು ಬಿಟ್ಟಿದ್ದಾರೆ, ಸ್ವಲ್ಪ ಸುತ್ತಾದರೂ ಪರವಾಗಿಲ್ಲ ಅಂತ. ಎಷ್ಟು ಜಾಣತನ ಅಲ್ವಾ? ನಿಲ್ಲಿಸುವುದು ಒಂದೇ ದಿನ ಆಗಬೇಕಾಗಿಲ್ಲ.

ಆದರೆ ಯಾರೂ ಕೇಳದ ಒಂದು ವಿಷಯ ಇದೆ. ಕಾರು ಬಿಟ್ಟ ಎಷ್ಟೋ ಹಿರಿಯರು ‘ಸುಮ್ನೆ ಇಲ್ಲೇ ಹತ್ತಿರಕ್ಕೆ’ ಅಂತ ಸ್ಕೂಟರ್ ಹತ್ತುತ್ತಾರೆ. ಮನೆಯವರಿಗೂ ಸಮಾಧಾನ. ನನಗೆ ಇದೇ ಜಾಸ್ತಿ ಭಯ. ಸ್ಕೂಟರಿಗೆ ಸಮತೋಲನ ಬೇಕು, ನಿಲ್ಲಿಸಿದಾಗ ಕಾಲು ಗಟ್ಟಿಯಾಗಿ ಊರಬೇಕು. ಸವೆದ ಮಂಡಿಗೆ ಅದೇ ಕಷ್ಟ. ಬಿದ್ದರೆ ಸುತ್ತ ತಗಡೂ ಇಲ್ಲ. ಹತ್ತಿರಕ್ಕಾದರೆ ಆಟೋ ಹತ್ತಿಸಿ. ದೂರಕ್ಕೆ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿನಲ್ಲಿ 60 ದಾಟಿದವರಿಗೆ ಟಿಕೆಟ್‌ನಲ್ಲಿ 25% ರಿಯಾಯಿತಿ ಇದೆ. ವಯಸ್ಸು ತೋರಿಸುವ ಗುರುತಿನ ಚೀಟಿ ಜೇಬಲ್ಲಿರಲಿ.