ಪಾಲ್ಮೈರಾ ನಕ್ಷೆಯಲ್ಲಿ ಗುಡ್ಡಗಳೆಲ್ಲ ಯಾಕೆ ಒಂದೇ ದಿಕ್ಕಿಗೆ ಮಲಗಿವೆ?

ಪ್ರಶ್ನೆ: ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಸುತ್ತಿನ ಹಳೇ ಟೋಪೋಶೀಟ್ (ನೆಲದ ಏರಿಳಿತ ತೋರಿಸುವ ನಕ್ಷೆ) ನೋಡಿದೆ. ತುಂಬಾ ಉದ್ದುದ್ದ ಗುಡ್ಡಗಳು, ಹೆಚ್ಚುಕಮ್ಮಿ ಎಲ್ಲವೂ ಉತ್ತರ-ದಕ್ಷಿಣವಾಗಿವೆ. ಇದು ಹಿಂದೆ ಈ ನೆಲದ ಮೇಲೆ ನಿಧಾನವಾಗಿ ಸರಿಯುತ್ತಿದ್ದ ದಪ್ಪ ಹಿಮದ ಹಾಸಿನ ಕೆಲಸವಂತೆ. ಅದು ಯಾವ ಕಡೆಯಿಂದ ಬಂತು ಅಂತ ನಕ್ಷೆ ನೋಡಿಯೇ ಹೇಳಬಹುದಾ?

ಹೇಳಬಹುದು. ಒಂದು ಗುಡ್ಡದ ಎರಡು ತುದಿಗಳನ್ನು ಹೋಲಿಸಿ ನೋಡಿ. ಉತ್ತರದ ತುದಿಯಲ್ಲಿ ಕಂದು ಬಣ್ಣದ ಕಾಂಟೂರ್ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಒತ್ತೊತ್ತಾಗಿರುತ್ತವೆ, ಅಂದರೆ ಅಲ್ಲಿ ಏರು ಕಡಿದು. ದಕ್ಷಿಣಕ್ಕೆ ಹೋದಂತೆ ಗೆರೆಗಳ ನಡುವೆ ಜಾಗ ಬಿಡುತ್ತಾ ಹೋಗುತ್ತದೆ, ಇಳಿಜಾರು ನಿಧಾನ. ಕವುಚಿಟ್ಟ ಚಮಚದ ಆಕಾರ ಅಲ್ವಾ? ಮೊಂಡು ತುದಿ ಹಿಮ ಬಂದ ಕಡೆಗೆ, ಬಾಲ ಅದು ಹೋದ ಕಡೆಗೆ. ಹಾಗಾಗಿ ಇಲ್ಲಿ ಹಿಮ ಬಂದದ್ದು ಉತ್ತರದಿಂದ, ಈಗ ಒಂಟಾರಿಯೊ ಸರೋವರ ಇರುವ ಕಡೆಯಿಂದ. ಆದರೆ ಒಂದೇ ಗುಡ್ಡ ನೋಡಿ ತೀರ್ಮಾನಕ್ಕೆ ಬರಬೇಡಿ. ಎರಡೂ ತುದಿ ಒಂದೇ ತರ ಇರುವವೂ ಇವೆ, ಹತ್ತಾರು ನೋಡಿ.

ಇವಕ್ಕೆ ಡ್ರಮ್ಲಿನ್ ಅಂತಾರೆ. ಸುಮಾರು 20,000 ವರ್ಷಗಳ ಹಿಂದೆ ಅತಿ ದೊಡ್ಡದಾಗಿ ಹರಡಿದ್ದ, ಉತ್ತರ ಅಮೆರಿಕದ ಲಾರೆಂಟೈಡ್ ಎಂಬ ಹಿಮಹಾಸಿನ ಅಡಿಯಲ್ಲಿ ಮಣ್ಣು, ಜೇಡಿ, ಕಲ್ಲು ಎಲ್ಲ ಕಲಸಿಹೋಗಿ ಇವು ರೂಪ ಪಡೆದವು. ಹಿಮ ಮಣ್ಣನ್ನು ಗುಡ್ಡೆ ಹಾಕಿತೋ, ಮೊದಲೇ ಇದ್ದ ಮಣ್ಣನ್ನು ಸವೆಸಿ ತಿದ್ದಿತೋ ಅನ್ನೋ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಮಾರ್ಮನ್ ಪಂಥದವರಿಗೆ ಪವಿತ್ರವಾದ ಕ್ಯುಮೋರಾ ಗುಡ್ಡ ಕೂಡ ಪಾಲ್ಮೈರಾ ಹತ್ತಿರದ ಒಂದು ಡ್ರಮ್ಲಿನ್ನೇ.

ನನಗೆ ಇನ್ನೂ ಇಷ್ಟವಾಗೋದು ಜನ ಈ ನೆಲಕ್ಕೆ ಹೊಂದಿಕೊಂಡ ರೀತಿ. ಉತ್ತರ-ದಕ್ಷಿಣದ ರಸ್ತೆಗಳು ಗುಡ್ಡಗಳ ನಡುವಿನ ತಗ್ಗಿನಲ್ಲಿ ಸಲೀಸಾಗಿ ಸಾಗುತ್ತವೆ. ಪೂರ್ವ-ಪಶ್ಚಿಮದವಕ್ಕೆ ಮಾತ್ರ ಕಷ್ಟ, ಹತ್ತಬೇಕು, ಇಳಿಯಬೇಕು, ಇಲ್ಲಾ ಸುತ್ತಬೇಕು. 1825ರಲ್ಲಿ ಪೂರ್ತಿಯಾದ ಈರಿ ಕಾಲುವೆಯೂ ಪೂರ್ವ-ಪಶ್ಚಿಮವೇ, ಆದರೆ ಅದಕ್ಕೆ ಕರಗಿದ ಹಿಮದ ನೀರು ಹಿಂದೆಯೇ ಕೊರೆದಿಟ್ಟಿದ್ದ ತಗ್ಗು ಸಿಕ್ಕಿತು. ನೀಲಿ ಗುರುತಿನ ಜೌಗುಗಳಿವೆಯಲ್ಲ, ಅಂಥವನ್ನು ಬಸಿದು ಕಪ್ಪು ಮಣ್ಣಿನಲ್ಲಿ ಈರುಳ್ಳಿ ಬೆಳೆದರು. ಇಳಿಜಾರುಗಳಲ್ಲಿ ಸೇಬು. ಚಳಿಗಾಳಿ ಕೆಳಗೆ ಜಾರಿಹೋಗುವುದರಿಂದ ಹೂವಿಗೆ ಮಂಜಿನ ಹೊಡೆತ ಕಡಿಮೆ, ಜೊತೆಗೆ ಸರೋವರ ಹತ್ತಿರವಿರುವುದರಿಂದ ಹವೆಯೂ ಹದವಾಗಿರುತ್ತದೆ.

ಒಂದು ಎಚ್ಚರ. ನೀವು ನೋಡಿದ್ದು 1:62,500 ಅಳತೆಯ ಹಾಳೆಯಾದರೆ, ಅದರಲ್ಲಿ ಗೆರೆಯಿಂದ ಗೆರೆಗೆ ಎತ್ತರದಲ್ಲಿ 20 ಅಡಿ ಅಂತರ. ಅದಕ್ಕಿಂತ ಕುಳ್ಳಗಿನ ದಿಬ್ಬ ಎರಡು ಗೆರೆಗಳ ನಡುವೆ ಸುಮ್ನೆ ಮಾಯವಾಗಿಬಿಡಬಹುದು, ನಕ್ಷೆಯಲ್ಲಿ ಸಪಾಟಾಗಿ ಕಂಡದ್ದೆಲ್ಲ ಸಪಾಟಲ್ಲ.