ಗಾಂಜಾ ಕೇಸಿಗೆ ಕಟ್ಟಿದ ದಂಡ, ತಿರಸ್ಕೃತವಾಗುವ ನಾಮಪತ್ರ

ಗಾಂಜಾ ಕಾನೂನುಬದ್ಧವಾಗಲಿ ಎಂದು ವರ್ಷಗಟ್ಟಲೆ ದನಿ ಎತ್ತಿದವರು ವಿಧಾನಸಭೆಗೆ ನಿಲ್ಲುವ ಮಾತಾಡಿದರೆ ನನ್ನ ತಕರಾರಿಲ್ಲ. ಕಾಯ್ದೆ ಬದಲಿಸುತ್ತೇನೆ ಎಂದು ಮತ ಕೇಳುವುದು ಅಪರಾಧವಲ್ಲ. ಎಡವುವುದು ಇನ್ನೊಂದು ಕಡೆ: "ಸಾರ್, ಸೇದಿದ ಕೇಸು ಅಷ್ಟೇ. ಜೈಲಾಗಿಲ್ಲ, ಫೈನ್ ಕಟ್ಟಿ ಮುಗಿಸಿದ್ದೀವಿ."

ಮುಗಿದಿಲ್ಲ. ಎರಡು ವರ್ಷ ಶಿಕ್ಷೆಯಾದರೆ ಮಾತ್ರ ಅನರ್ಹತೆ ಎಂಬ ನಂಬಿಕೆ 2023ರ ರಾಹುಲ್ ಗಾಂಧಿ ಪ್ರಕರಣದ ನಂತರ ಎಲ್ಲರ ತಲೆಯಲ್ಲೂ ಕೂತಿದೆ. ಅದು 1951ರ ಜನಪ್ರಾತಿನಿಧ್ಯ ಕಾಯ್ದೆಯ 8(3)ನೇ ಉಪಕಲಂ. ಎನ್‌ಡಿಪಿಎಸ್ ಕಾಯ್ದೆ (ಗಾಂಜಾ ಕೇಸು ದಾಖಲಾಗುವ ಮಾದಕವಸ್ತು ಕಾಯ್ದೆ) ಇರುವುದು 8(1)ರ ಪಟ್ಟಿಯಲ್ಲಿ, ಅಲ್ಲಿ ಎರಡು ವರ್ಷದ ಲೆಕ್ಕವೇ ಇಲ್ಲ. ಬರೀ ದಂಡವಾದರೂ ಶಿಕ್ಷೆಯ ತೀರ್ಪಿನ ದಿನದಿಂದ 6 ವರ್ಷ ಅನರ್ಹತೆ. ಜೈಲಾದರೆ ತೀರ್ಪಿನ ದಿನದಿಂದಲೇ ಶುರು, ಬಿಡುಗಡೆಯಾದ ಮೇಲೆ ಇನ್ನೂ 6 ವರ್ಷ. ದಂಡ ಐನೂರೋ ಹತ್ತು ಸಾವಿರವೋ, ವ್ಯತ್ಯಾಸವಿಲ್ಲ.

ಗಾಂಜಾ ಸೇವನೆಗೆ ಎನ್‌ಡಿಪಿಎಸ್‌ನ 27ನೇ ಕಲಂ ಹಾಕುತ್ತಾರೆ: 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಂದು ಕಿಲೋವರೆಗಿನ ಗಾಂಜಾ 'ಅಲ್ಪ ಪ್ರಮಾಣ'. ಅದಕ್ಕೆ 20ನೇ ಕಲಮಿನಡಿ 1 ವರ್ಷದವರೆಗೆ ಕಠಿಣ ಸಜೆ, 10,000ದವರೆಗೆ ದಂಡ, ಅಥವಾ ಎರಡೂ. ಶಿಕ್ಷೆ ಸಣ್ಣದು, ಕೋರ್ಟಿಗೆ ಅಲೆಯುವುದು ಬೇಸರ. ಹುಡುಗರು ಗಿಲ್ಟಿ ಪ್ಲೀಡ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಹಾಗೆ ಒಪ್ಪಿಕೊಂಡವರಿಗೆ ಮೇಲ್ಮನವಿಯ ಬಾಗಿಲೂ ಬಹುತೇಕ ಮುಚ್ಚುತ್ತದೆ: ಶಿಕ್ಷೆಯ ಪ್ರಮಾಣ, ಕಾನೂನುಬದ್ಧತೆಯನ್ನು ಪ್ರಶ್ನಿಸಬಹುದು, ಅಪರಾಧಿ ಎಂಬ ತೀರ್ಪನ್ನಲ್ಲ.

ಲೆಕ್ಕ ನೋಡಿ. ಉಮೇದುವಾರನ ಅರ್ಹತೆ ಅಳೆಯುವುದು ನಾಮಪತ್ರ ಪರಿಶೀಲನೆಯ ದಿನ. ವಿಧಾನಸಭಾ ಚುನಾವಣೆ 2028ರ ಏಪ್ರಿಲ್–ಮೇ ಸುಮಾರಿಗೆ ನಡೆಯಿತು ಎಂದುಕೊಂಡರೆ, 2022ರ ಜೂನ್‌ನಲ್ಲಿ ದಂಡ ಕಟ್ಟಿದವರು ಹೊರಗೇ. ಮುಚ್ಚಿಟ್ಟು ಗೆದ್ದರೂ ಫಲಿತಾಂಶ ಬಂದ 45 ದಿನದೊಳಗೆ ಯಾರಾದರೂ ಹೈಕೋರ್ಟಿನಲ್ಲಿ ಚುನಾವಣಾ ಅರ್ಜಿ ಹಾಕಿದರೆ ಆ ಗೆಲುವು ಉಳಿಯುವುದು ಕಷ್ಟ.

ಆದ್ದರಿಂದ ಬಾಯಿಮಾತು ಬಿಟ್ಟು ಕೋರ್ಟಿನಿಂದ ಆದೇಶದ ಸರ್ಟಿಫೈಡ್ ಕಾಪಿ ತನ್ನಿ. ಖುಲಾಸೆ, ಆರೋಪದಿಂದ ಬಿಡುಗಡೆ, ಹೈಕೋರ್ಟಿನಲ್ಲಿ ಎಫ್‌ಐಆರ್ ರದ್ದು, ಇವ್ಯಾವುವೂ ಅನರ್ಹತೆ ತರುವುದಿಲ್ಲ. ಬಾಕಿ ಇರುವ ಕೇಸೂ ತರುವುದಿಲ್ಲ, ಆದರೆ ನಾಮಪತ್ರದ ಜೊತೆ ಕೊಡುವ ನಮೂನೆ 26ರ ಅಫಿಡವಿಟ್‌ನಲ್ಲಿ ಎಫ್‌ಐಆರ್ ಸಂಖ್ಯೆ, ಕಲಂ, ಕೋರ್ಟು ಎಲ್ಲ ಬರೆಯಬೇಕು. ಯಾವ ಅಂಕಣವನ್ನೂ ಖಾಲಿ ಬಿಡಬೇಡಿ. 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಎಂದು ತುಂಬಿ. ಕೇಸಿನ ವಿವರವನ್ನು ಪ್ರಚಾರದ ಅವಧಿಯಲ್ಲಿ ಮೂರು ಬಾರಿ ಪತ್ರಿಕೆ, ಟಿವಿಯಲ್ಲಿ ಪ್ರಕಟಿಸುವುದೂ ಕಡ್ಡಾಯ, ಖರ್ಚೂ ನಿಮ್ಮದೇ.

ಈಗಾಗಲೇ ಅಪರಾಧಿ ಎಂದಾಗಿದ್ದರೆ? ಶಿಕ್ಷೆಗೆ ತಡೆ ಸಿಕ್ಕರೆ ಸಾಲದು, ಅಪರಾಧಿ ಎಂಬ ತೀರ್ಪಿಗೇ ತಡೆ ಬೇಕು. ಜನಪ್ರಾತಿನಿಧ್ಯ ಕಾಯ್ದೆಯ 11ನೇ ಕಲಮಿನಡಿ ಚುನಾವಣಾ ಆಯೋಗ ಅನರ್ಹತೆಯ ಅವಧಿ ಕಡಿತಗೊಳಿಸಬಹುದು. 2019ರಲ್ಲಿ ಸಿಕ್ಕಿಂನ ಪ್ರೇಮ್ ಸಿಂಗ್ ತಮಾಂಗ್‌ಗೆ ಹಾಗೆ ಮಾಡಿದೆ. ಆಗಲೇ ಮುಖ್ಯಮಂತ್ರಿಯಾಗಿದ್ದವರ ಉದಾಹರಣೆ ಹಿಡಿದು ಹೊರಡುವುದು ಬೇಡ ಅನ್ನುವುದು ನನ್ನ ಸಲಹೆ. ಕೇಸು ಇನ್ನೂ ನಡೆಯುತ್ತಿದ್ದು, ನಿಜಕ್ಕೂ ವ್ಯಸನವಿದ್ದರೆ, ಎನ್‌ಡಿಪಿಎಸ್‌ನ 64ಎ ಕಲಮಿನಡಿ ಸ್ವಯಂ ಚಿಕಿತ್ಸೆಗೆ ಒಪ್ಪಿದವರಿಗೆ ವಿಚಾರಣೆಯಿಂದ ವಿನಾಯಿತಿ ಇದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ವಿನಾಯಿತಿ ಹಿಂದಕ್ಕೆ ಹೋಗಬಹುದು. ಪ್ರತಿ ಫೈಲೂ ಬೇರೆ, ನಿಮ್ಮ ವಕೀಲರ ಹತ್ತಿರ ತೋರಿಸಿಯೇ ಹೆಜ್ಜೆ ಇಡಿ.

ಇನ್ನು ಭರವಸೆಯ ಮಾತು. ಎನ್‌ಡಿಪಿಎಸ್ ಸಂಸತ್ತಿನ ಕಾಯ್ದೆ. ಶಾಸಕರಾಗಿ ಅದನ್ನು ಅಳಿಸಲಾಗದು. ಪಟಿಯಾಲದ ಸಂಸದ ಧರ್ಮವೀರ ಗಾಂಧಿ ತಿದ್ದುಪಡಿಯ ಮಾತೆತ್ತಿದ್ದು ಲೋಕಸಭೆಯಲ್ಲಿ. ಆದರೂ 10ನೇ ಕಲಂ ಗಾಂಜಾ ಗಿಡ ಬೆಳೆಯಲು ಪರವಾನಗಿಯ ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ (ಗಾಂಜಾ ಗಿಡದ ರಾಳವಾದ ಚರಸ್ ಬಿಟ್ಟು). ಪ್ರಣಾಳಿಕೆಯಲ್ಲಿ ಅದನ್ನೇ ಬರೆಯಿರಿ, ಅಷ್ಟಾದರೂ ನಿಮ್ಮ ಕೈಯಳತೆಯ ಮಾತು.

ಅನರ್ಹರಾದವರು ಪ್ರಚಾರ ಮಾಡಬಹುದು, ಕೈ ಶುದ್ಧವಿರುವ ಸ್ನೇಹಿತನನ್ನು ನಿಲ್ಲಿಸಬಹುದು. ಪಕ್ಷೇತರನಾದರೆ 10 ಸೂಚಕರು, 10,000 ಠೇವಣಿ (ಪರಿಶಿಷ್ಟರಿಗೆ 5,000). ಚಳವಳಿಯ ಗೆಳೆಯರನ್ನೆಲ್ಲ ಸಹಿಗೆ ಕರೆತಂದು ನಾಮಪತ್ರ ಹಾಳು ಮಾಡಿಕೊಳ್ಳಬೇಡಿ: ಹತ್ತೂ ಮಂದಿ ಅದೇ ಕ್ಷೇತ್ರದ ಮತದಾರರಾಗಿರಬೇಕು. ಪಕ್ಕದ ಕ್ಷೇತ್ರದ ಒಬ್ಬರು ಸೇರಿಕೊಂಡರೂ ಎಣಿಕೆ ಒಂಬತ್ತಕ್ಕೆ ಇಳಿಯುತ್ತದೆ.